ಸರ್ವೆಗೆ ಮುಂಚೆ ಗುಡಿಸ್ಬೇಡಿ: ಪೀಣ್ಯದ ಹಳೇ ಶೆಡ್ಡನ್ನ ಆಸ್ಬೆಸ್ಟಾಸ್ ಇನ್‌ಸ್ಪೆಕ್ಷನ್‌ಗೆ ರೆಡಿ ಮಾಡಿದ್ದು

ನಾನು ನೋಡ್ಕೊಳ್ಳೋ ಶೆಡ್ಡು 1983ರದ್ದು. ಮುಂದೆ ಎರಡು ಮಹಡಿ ಆಫೀಸು, ಹಿಂದೆ ಎರಡು ಬೇ (ಅಂಕಣ) ಇರೋ ಮಷಿನ್ ಶಾಪು, ಪಕ್ಕದಲ್ಲಿ ಹೀಟ್ ಟ್ರೀಟ್‌ಮೆಂಟು, ಅದರ ಬೆನ್ನಿಗೆ ಬಾಯ್ಲರ್ ರೂಮು, ಮೂಲೇಲಿ ಕ್ಯಾಂಟೀನು. ಹಳೇ ಕಂಪನಿ ಖಾಲಿ ಮಾಡ್ಕೊಂಡು ಹೋದ್ಮೇಲೆ ಬಹಳ ದಿನ ಯಾರೂ ಬರ್ಲಿಲ್ಲ, ಕೊನೆಗೆ ಒಂದು ಜರ್ಮನ್ ಕಂಪನಿಯವರು ಬಂದು ನೋಡಿ ಒಪ್ಕೊಂಡ್ರು, ಆದ್ರೆ ಅಗ್ರಿಮೆಂಟ್ ಸೈನ್ ಆಗೋಕೆ ಮುಂಚೆ ಆಸ್ಬೆಸ್ಟಾಸ್ ಸರ್ವೆ ರಿಪೋರ್ಟ್ ಬೇಕೇ ಬೇಕು ಅಂತ ಒಂದೇ ಪಟ್ಟು. ಓನರ್ರು ಫೋನ್ ಮಾಡಿ "ಅದೇನ್ ಸರ್ವೆನಯ್ಯಾ, ತಲೆ ಎತ್ತಿದ್ರೆ ಶೀಟ್ ಕಾಣತ್ತೆ, ಅದಕ್ಕೆ ದುಡ್ಡು ಕೊಟ್ಟು ಯಾರನ್ನೋ ಕರ್ಸಿ ಹೇಳಿಸ್ಕೋಬೇಕಾ" ಅಂದ್ರು. ಅವರ ಮಾತಲ್ಲೂ ತಪ್ಪಿಲ್ಲ. ಆಸ್ಬೆಸ್ಟಾಸ್ ಅಂದ್ರೆ ಗಣಿಯಿಂದ ತೆಗೆಯೋ ಕಲ್ಲಿನ ನಾರು, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಕಾಯಿಲೆ. ನಮ್ಮಲ್ಲಿ ಅದರ ಗಣಿ ಲೀಸು ಕೊಡೋದು 1986ರಲ್ಲೇ ನಿಲ್ಸಿದಾರೆ, ಆದ್ರೆ ರಷ್ಯಾ, ಕಜಕಸ್ತಾನ್, ಬ್ರೆಜಿಲ್‌ನಿಂದ ನಾರು ತರಿಸಿ ಶೀಟು ಮಾಡಿ ಮಾರೋದು ಕಾನೂನು ಪ್ರಕಾರನೇ ನಡೀತಿದೆ, ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದ್ರೂ ಸಿಗತ್ತೆ. ಜರ್ಮನಿಯಲ್ಲಿ 1993ರಲ್ಲೇ ಬ್ಯಾನು, ಹಂಗಾಗಿ ಅವರ ಹೆಡ್ ಆಫೀಸಿನ ರೂಲು ಯಾವ ದೇಶಕ್ಕೆ ಹೋದ್ರೂ ಅದೇ.

ಸರ್ವೆ ಕನ್ಸಲ್ಟೆಂಟ್ ಕಡೆಯಿಂದ ಮೊದಲು ಒಂದು ಮೇಲ್ ಬಂತು. ಬ್ರಿಟನ್ನಿನ ಎಚ್‌ಎಸ್‌ಇ (ಕೆಲಸದ ಜಾಗದ ಸುರಕ್ಷತೆ ನೋಡೋ ಅಲ್ಲಿನ ಸರ್ಕಾರಿ ಸಂಸ್ಥೆ) ಅವರ ಎಚ್‌ಎಸ್‌ಜಿ 264 ಅನ್ನೋ ಗೈಡ್ ಪ್ರಕಾರ ಮಾಡ್ತೀವಿ ಅಂತ. ಅದರಲ್ಲಿ ಎರಡು ತರ ಇದೆ. ಒಂದು ಮ್ಯಾನೇಜ್‌ಮೆಂಟ್ ಸರ್ವೆ, ಬಿಲ್ಡಿಂಗು ಹೆಂಗಿದ್ಯೋ ಹಂಗೇ ಬಳಸ್ಕೊಂಡು ಹೋಗೋರಿಗೆ, ಹೆಚ್ಚು ಒಡೆಯೋದು ಕೀಳೋದು ಇರಲ್ಲ. ಇನ್ನೊಂದು ರಿಫರ್ಬಿಷ್‌ಮೆಂಟ್ ಮತ್ತೆ ಡೆಮಾಲಿಷನ್ ಸರ್ವೆ, ಇದು ಕೆಡವೋ ಇಲ್ಲಾ ಹೊಸದಾಗಿ ಫಿಟ್‌ಔಟ್ ಮಾಡೋ ಜಾಗಕ್ಕೆ, ಗೋಡೆ ಒಳಗೆ, ಸೀಲಿಂಗ್ ಮೇಲೆ, ನೆಲದ ಕೆಳಗೆ, ಡಕ್ಟ್ ಒಳಗೆ ಎಲ್ಲಾ ಬಿಚ್ಚಿ ನೋಡ್ತಾರೆ. ಜರ್ಮನ್ನರು ಒಳಗಡೆ ಪೂರ್ತಿ ಬದಲಾಯಿಸ್ತಾರೆ, ಹಂಗಾಗಿ ನಮ್ದು ಎರಡನೇದು. ಇದನ್ನ ಮೊದಲೇ ಬರವಣಿಗೆಯಲ್ಲಿ ಕ್ಲಿಯರ್ ಮಾಡ್ಕೊಳಿ, ಯಾಕಂದ್ರೆ ರೆಡಿ ಮಾಡೋ ಕೆಲಸ ಎರಡಕ್ಕೂ ಬೇರೆ ಬೇರೆ, ರೇಟೂ ಬೇರೆ. ಮ್ಯಾನೇಜ್‌ಮೆಂಟ್ ಸರ್ವೆ ರಿಪೋರ್ಟ್ ಇಟ್ಕೊಂಡು ಗೋಡೆ ಒಡೆಯೋಕೆ ಹೋದ್ರೆ ಆ ರಿಪೋರ್ಟಿಗೆ ಬೆಲೆ ಇಲ್ಲ.

ಈಗ ಟೈಟಲ್ ವಿಷಯ. ಇನ್‌ಸ್ಪೆಕ್ಷನ್ ಅಂದ ತಕ್ಷಣ ನಮ್ ಜನರ ಕೈ ಪೊರಕೆಗೆ ಹೋಗತ್ತೆ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ಲಿ, ಐಎಸ್‌ಒ ಆಡಿಟ್ ಬರ್ಲಿ, ಕಸ್ಟಮರ್ ಬರ್ಲಿ, ಆಯುಧಪೂಜೆ ಹಿಂದಿನ ದಿನದ ತರ ಗುಡ್ಸಿ ತೊಳ್ದು ಸುಣ್ಣ ಹೊಡ್ದು ಹಳದಿ ಪಟ್ಟಿ ಬಳ್ದು ನಿಲ್ಸಿಬಿಡ್ತೀವಿ. ಇಲ್ಲೂ ಹಂಗೇ ಆಗ್ತಿತ್ತು, ಓನರ್ರು ನಂಗೆ ಹೇಳೋಕೆ ಮುಂಚೆನೇ ಹೌಸ್‌ಕೀಪಿಂಗ್ ಕಾಂಟ್ರಾಕ್ಟರಿಗೆ ಹೇಳಾಗಿತ್ತು, ಅವನು ಉದ್ದ ಕೋಲಿನ ಪೊರಕೆ, ಬ್ಲೋವರು, ಎರಡು ಮೂಟೆ ಸುಣ್ಣ ತಂದು ಗೇಟ್ ಹತ್ರ ಇಳಿಸಿದ್ದ. ನಾನು ಮಾಡಿದ ಮೊದಲನೇ ಕೆಲಸ ಅದನ್ನ ವಾಪಸ್ ಗಾಡಿಗೆ ಹಾಕ್ಸಿದ್ದು.

ಕಾರಣ ಎರಡಿದೆ. ಒಂದು ಗೊತ್ತಿರೋದೇ, ಈ ನಾರಿನ ಎಳೆ ಮೂರು ಮೈಕ್ರಾನ್‌ಗಿಂತ ಸಣ್ಣ ದಪ್ಪ, ಕಣ್ಣಿಗೆ ಕಾಣಲ್ಲ, ಒಂದ್ಸಲ ಮೇಲೆದ್ರೆ ಗಂಟೆಗಟ್ಲೆ ಗಾಳೀಲೇ ತೇಲ್ತಿರತ್ತೆ, ಒಣ ಪೊರಕೆ ಹೊಡ್ದ್ರೆ ಇಲ್ಲಾ ಬ್ಲೋವರ್ ಬಿಟ್ರೆ ಕೆಳಗೆ ಸುಮ್ನೆ ಕೂತಿದ್ದನ್ನ ನಾವೇ ಎಬ್ಸಿ ಉಸಿರಿಗೆ ಕೊಟ್ಟಂಗೆ. ಇನ್ನೊಂದು ಜನ ಯೋಚನೆ ಮಾಡಲ್ಲ. ಧೂಳು, ಉದುರಿದ ಪುಡಿ, ಮುರಿದ ಚೂರು, ಇವೇ ಸರ್ವೆ ಮಾಡೋರಿಗೆ ಸಾಕ್ಷಿ. ಪೈಪಿನ ಕೆಳಗೆ ಬಿಳೀ ಪುಡಿ ಬಿದ್ದಿದ್ರೆ ಮೇಲೆ ಲ್ಯಾಗಿಂಗ್ (ಬಿಸಿ ಪೈಪಿಗೆ ಕಾವು ಹೋಗದಂಗೆ ಸುತ್ತೋ ಹೊದಿಕೆ) ಹಾಳಾಗಿದೆ ಅಂತ ಅರ್ಥ, ನೀವು ಗುಡ್ಸಿ ಮೇಲೆ ಪೇಂಟ್ ಹೊಡ್ದುಬಿಟ್ರೆ ಅವರು ಅದನ್ನ ಚೆನ್ನಾಗಿದೆ ಅಂತ ಬರ್ಕೊಂಡು ಹೋಗ್ತಾರೆ, ಆಮೇಲೆ ಅದರ ಮೇಲೆ ಕೆಲಸ ಮಾಡೋ ಎಲೆಕ್ಟ್ರಿಷಿಯನ್ ತಿನ್ನೋದು ಆ ಪೇಂಟಿನ ಕೆಳಗಿರೋದನ್ನ.

ಮಷಿನ್ ಶಾಪಲ್ಲಿ ಇನ್ನೊಂದು ಚಟ ಇರತ್ತಲ್ಲ, ಏರ್ ಗನ್. ಮೈಮೇಲಿನ ಬಟ್ಟೆಗೂ ಅದೇ, ಪ್ಯಾನಲ್ ಒಳಗಿನ ಧೂಳಿಗೂ ಅದೇ, ಊಟಕ್ಕೆ ಕೂರೋ ಬೆಂಚಿಗೂ ಅದೇ. ಎರಡನೇ ಬೇ ಹಿಂಭಾಗದಲ್ಲಿ ಒಬ್ರು ಇನ್ನೂ ಜಾಬ್ ವರ್ಕ್ ಮಾಡ್ಕೊಂಡಿದ್ರು, ಅವರ ಲೈನ್ ಬಿಟ್ಟು ಬೇರೆ ಎಲ್ಲಾ ಏರ್ ಲೈನ್ ವಾಲ್ವ್ ಮುಚ್ಚಿ ಚೈನ್ ಹಾಕಿ ಬೀಗ ಹಾಕ್ದೆ. ಬಾಯ್ಲರ್ ರೂಮು, ಹೀಟ್ ಟ್ರೀಟ್‌ಮೆಂಟು, ಹಳೇ ಸ್ಟೋರು ಮೂರಕ್ಕೂ ಬೀಗ, ಬಾಗಿಲ ಮೇಲೆ ಬೋರ್ಡು: ಇಲ್ಲಿ ಗುಡಿಸ್ಬೇಡಿ, ಗಾಳಿ ಹೊಡೀಬೇಡಿ, ಡ್ರಿಲ್ ಮಾಡ್ಬೇಡಿ, ಏನೂ ಕೀಳ್ಬೇಡಿ. ಕನ್ನಡ, ಹಿಂದಿ, ತಮಿಳು ಮೂರರಲ್ಲೂ ಬರ್ಸಿದ್ದು, ಯಾಕಂದ್ರೆ ಗೇಟಿನ ಒಳಗೆ ಬರೋರಲ್ಲಿ ಕನ್ನಡ ಓದೋರು ಅರ್ಧ ಜನನೂ ಇಲ್ಲ. ಅಪಾಯ ಅಂತ ತಲೆಬುರುಡೆ ಚಿತ್ರ ಹಾಕೋಕೆ ಹೇಳಿದ್ರು, ನಾನು ಬೇಡ ಅಂದೆ. ತಲೆಬುರುಡೆ ಬೋರ್ಡು ಟ್ರಾನ್ಸ್‌ಫಾರ್ಮರ್ ಮೇಲೆ ನೋಡಿ ನೋಡಿ ಯಾರಿಗೂ ಭಯ ಇಲ್ಲ, ಏನು ಮಾಡ್ಬಾರ್ದು ಅಂತ ಬರೆದ್ರೆ ಕೇಳ್ತಾರೆ.

ಆಮೇಲೆ ಪೇಪರ್ ಕೆಲಸ. ಇದು ಬೋರು ಅಂತ ಬಿಡೋರೇ ಜಾಸ್ತಿ, ನಂಗೆ ಮಾತ್ರ ಅತಿ ಹೆಚ್ಚು ಸಿಕ್ಕಿದ್ದು ಇಲ್ಲೇ.

ಬಿಲ್ಡಿಂಗ್ ಪ್ಲಾನು ಹಳೇ ಅಮೋನಿಯಾ ಪ್ರಿಂಟು, ಮಡಿಚಿದ ಕಡೆಯೆಲ್ಲಾ ಹರಿದು, ಗೆರೆ ಮಾಸಿ ಹೋಗಿತ್ತು. ಅದನ್ನ ಟೇಬಲ್ ಮೇಲೆ ಹರಡಿ ಫೋಟೋ ತೆಗ್ದು, ಅದರ ಮೇಲೆ ಯಾವ ಭಾಗ ಯಾವ ವರ್ಷ ಕಟ್ಟಿದ್ದು ಅಂತ ಬಣ್ಣದ ಪೆನ್ನಲ್ಲಿ ಗುರ್ತು ಮಾಡ್ದೆ: ಮೊದಲ ಬೇ, ಬಾಯ್ಲರ್ ರೂಮು, ಆಫೀಸು 1983, ಎರಡನೇ ಬೇ ಮತ್ತೆ ಕ್ಯಾಂಟೀನು 1991, ಮುಂದಿನ ಲೋಡಿಂಗ್ ಬೇ 2004, ಅದಕ್ಕೆ ಶೀಟು ಬಣ್ಣದ ಮೆಟಲ್ಲು. ಭಾರತದಲ್ಲಿ ವರ್ಷ ನೋಡಿ ಇದರಲ್ಲಿ ಆಸ್ಬೆಸ್ಟಾಸ್ ಇಲ್ಲ ಅಂತ ಹೇಳೋಕಾಗಲ್ಲ, ಅದು ನೆನಪಿರ್ಲಿ. ಇಂಗ್ಲೆಂಡಲ್ಲಿ 2000ದ ಮೇಲೆ ಕಟ್ಟಿದ್ದು ಅಂದ್ರೆ ನಿಶ್ಚಿಂತೆ, ಯಾಕಂದ್ರೆ ಅಲ್ಲಿ 1999ರಲ್ಲಿ ಪೂರ್ತಿ ಬ್ಯಾನು, ನಮ್ಮಲ್ಲಿ ಹೋದ ವರ್ಷ ಹಾಕಿದ ಶೀಟಲ್ಲೂ ಇರ್ಬೋದು.

ಪ್ಲಾನಿಗಿಂತ ಒಳ್ಳೇದು ಸ್ಟೋರ್ಸ್ ಲೆಡ್ಜರು. ಹಳೇ ಕಂಪನಿಯವರು ಗುಜರಿಗೆ ಹಾಕದೆ ಬಿಟ್ಟು ಹೋಗಿದ್ದ ಕೆಂಪು ಬೈಂಡಿನ ಪುಸ್ತಕಗಳು, ಇಲಿ ತಿಂದು ಉಳಿದಿದ್ದು. ಅದರಲ್ಲಿ ಸಾಲಾಗಿ ಆಸ್ಬೆಸ್ಟಾಸ್ ಇರ್ಬೋದಾದ ಮಾಲುಗಳು: ಸಿಎಎಫ್ ಶೀಟ್ 3 ಎಂಎಂ, ಆಸ್ಬೆಸ್ಟಾಸ್ ರೋಪ್ 25 ಎಂಎಂ, ಗ್ರಾಫೈಟ್ ಗ್ಲ್ಯಾಂಡ್ ಪ್ಯಾಕಿಂಗು, ಮಿಲ್‌ಬೋರ್ಡ್ (ರಟ್ಟಿನ ತರದ ಹಲಗೆ) 6 ಎಂಎಂ, ಮ್ಯಾಗ್ನೀಷಿಯಾ ಪೈಪ್ ಸೆಕ್ಷನ್. ಮೇಂಟೆನೆನ್ಸ್‌ನವರಿಗೆ ಸಿಎಎಫ್ ಅಂದ್ರೆ ಗ್ಯಾಸ್ಕೆಟ್ಟು ಅಷ್ಟೇ, ಕತ್ತರೀಲಿ ಕಟ್ ಮಾಡಿ ಫ್ಲ್ಯಾಂಜಿಗೆ (ಪೈಪ್ ಜಾಯಿಂಟಿಗೆ) ಹಾಕ್ತಾರೆ, ಆ ಎ ಅಂದ್ರೆ ಆಸ್ಬೆಸ್ಟಾಸ್ ಅಂತ ದಿನಾ ಕೈಯಲ್ಲಿ ಹಿಡಿಯೋರಿಗೂ ತಲೇಲಿ ಇರಲ್ಲ. ಮ್ಯಾಗ್ನೀಷಿಯಾ ಇನ್ಸುಲೇಷನ್ನೂ ಹಂಗೇ, ಹಳೇ 85 ಪರ್ಸೆಂಟ್ ಮ್ಯಾಗ್ನೀಷಿಯಾ ಅಂತ ಬರ್ತಿತ್ತಲ್ಲ, ಉಳಿದ 15ರಲ್ಲಿ ಹಿಡ್ಕೊಳ್ಳೋಕೆ ಹಾಕ್ತಿದ್ದಿದ್ದು ಇದೇ ನಾರು. ಲೆಡ್ಜರಿನ ಆ ಪುಟಗಳನ್ನೆಲ್ಲಾ ಫೋಟೋ ತೆಗ್ದು ಕನ್ಸಲ್ಟೆಂಟಿಗೆ ಕಳಿಸ್ದೆ, ಇಷ್ಟು ವಿವರ ಇಟ್ಕೊಂಡಿರೋ ಸೈಟು ಅಪರೂಪ ಅಂದ್ರು.

ಮೂರನೇದು ಬಾಯ್ಲರಿನ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ಫೋಲ್ಡರು. ಬಾಯ್ಲರ್ ಇನ್‌ಸ್ಪೆಕ್ಟರ್ ಸಹಿ ಹಾಕೋ ಪುಸ್ತಕ, ಅದರ ಜೊತೆ ಸ್ಟೀಮ್ ಲೈನ್ ಡ್ರಾಯಿಂಗ್ ಇರತ್ತೆ. ಬಾಯ್ಲರ್ ಯಾವತ್ತೋ ಮಾರಿ ಹೋಗಿದೆ, ಫೌಂಡೇಷನ್ ಮಾತ್ರ ಇದೆ, ಆದ್ರೆ ಡ್ರಾಯಿಂಗಲ್ಲಿ ಒಂದು ಸ್ಟೀಮ್ ಲೈನು ಕ್ಯಾಂಟೀನ್ ಕಡೆ ಹೋಗತ್ತೆ. ಕ್ಯಾಂಟೀನಲ್ಲಿ ಹೋಗಿ ನೋಡಿದ್ರೆ ಎಲ್ಲೂ ಪೈಪೇ ಇಲ್ಲ. ಅಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದೋರೊಬ್ರು ದಾಸರಹಳ್ಳಿ ಹತ್ರ ಇದಾರೆ ಅಂತ ಗೊತ್ತಾಗಿ ಕರ್ಕೊಂಡು ಬಂದೆ. ಅವರು ಒಳಗೆ ಬಂದು ನಿಂತು ಸುತ್ತ ನೋಡಿ, ನೇರ ಹೋಗಿ ಕ್ಯಾಂಟೀನ್ ಸ್ಟೋರಿನ ಪ್ಲೈವುಡ್ ಗೋಡೆ ಮೇಲೆ ಬೆರಳಲ್ಲಿ ತಟ್ಟಿದ್ರು. "ಅನ್ನ ಬೇಯ್ಸೋ ಸ್ಟೀಮ್ ವೆಸೆಲ್‌ಗೆ ಬರ್ತಿತ್ತು ಸಾ, ಗ್ಯಾಸ್ ಬಂದ್ಮೇಲೆ ಆ ಕಡೆ ಈ ಕಡೆ ಕಟ್ ಮಾಡಿ ಬ್ಲಾಂಕ್ ಹೊಡ್ದು ಹಂಗೇ ಪ್ಲೈವುಡ್ ಮುಚ್ಚಿದ್ವಿ, ಲ್ಯಾಗಿಂಗ್ ಬಿಚ್ಚಿಲ್ಲ." ಆ ಗೋಡೆಗೆ ಒರಗಿಸಿ ವರ್ಷಾನುಗಟ್ಲೆ ಈರುಳ್ಳಿ ಮೂಟೆ ಇಟ್ಟಿದಾರೆ, ಪ್ಲೈವುಡ್ಡಿನ ಕೆಳಗಿನ ತುದಿ ಕೊಳೆತು ಬಾಯಿ ಬಿಟ್ಟಿದೆ, ಸಂದಿಯಿಂದ ಬಿಳೀ ಬಟ್ಟೆ ತರದ್ದು ಇಣುಕ್ತಿದೆ. ಮುಟ್ಟೋಕೆ ಹೋಗ್ಲಿಲ್ಲ. ಆ ಸಂದಿಗೆ ದಪ್ಪ ಪ್ಲಾಸ್ಟಿಕ್ ಶೀಟು ಇಟ್ಟು ಟೇಪ್ ಹೊಡ್ದು, ಆ ಸ್ಟೋರನ್ನೂ ಬೀಗದ ಲಿಸ್ಟಿಗೆ ಸೇರಿಸ್ದೆ. ಇಂಥ ಮಾಹಿತಿ ಯಾವ ಪ್ಲಾನಲ್ಲೂ ಇರಲ್ಲ, ನಿಮ್ಮ ಬಿಲ್ಡಿಂಗಲ್ಲಿ ಕೆಲಸ ಮಾಡಿದ ಹಳೇ ಪ್ಲಂಬರು, ಫಿಟ್ಟರು, ಎಲೆಕ್ಟ್ರಿಷಿಯನ್ನು ಯಾರಾದ್ರೂ ಸಿಕ್ಕಿದ್ರೆ ಒಂದು ಕಾಫಿ ಕೊಡ್ಸಿ ಕರ್ಕೊಂಡು ಸುತ್ತಾಡ್ಸಿ.

ಅದಾದ್ಮೇಲೆ ನಾನೇ ಒಂದು ರೌಂಡು, ಬರೀ ಕಣ್ಣು ಮತ್ತೆ ಫೋನ್ ಕ್ಯಾಮೆರಾ, ಯಾವುದನ್ನೂ ಕೆರೆಯೋದು ಮುರಿಯೋದು ಇಲ್ಲ. ಪ್ಲಾನ್ ಮೇಲೆ ರೂಮಿಗೊಂದು ನಂಬರು, ಆ ನಂಬರು ಬಾಗಿಲ ಮೇಲೂ ಚಾಕ್‌ಪೀಸಲ್ಲಿ. ಇದು ಚಿಕ್ಕದು ಅನ್ಸತ್ತೆ, ಆದ್ರೆ ರಿಪೋರ್ಟಲ್ಲಿ "ಪಶ್ಚಿಮ ಸ್ಟೋರು" ಅಂತ ಬಂದ್ರೆ ಅದು ಯಾವ ಸ್ಟೋರು ಅಂತ ಆರು ತಿಂಗಳಾದ್ಮೇಲೆ ಯಾರಿಗೂ ಗೊತ್ತಾಗಲ್ಲ.

ಜನ ಎಲ್ಲಾ ಶೀಟ್ ಶೀಟ್ ಅಂತಾರೆ. ಶೀಟಲ್ಲಿ ನಾರು ಸುಮಾರು ಹತ್ತು ಪರ್ಸೆಂಟು ಅಕ್ಕಪಕ್ಕ, ಅದೂ ಸಿಮೆಂಟಲ್ಲಿ ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಒಡೀದೆ ಕುಯ್ಯದೆ ಇದ್ರೆ ಸುಮ್ನೆ ಕೂತಿರತ್ತೆ. ಕೈಯಲ್ಲಿ ಹಿಸುಕಿದ್ರೆ ಪುಡಿ ಆಗೋ ಮೆತ್ತನೆಯ ಐಟಮ್ಮುಗಳೇ ನಿಜವಾದ ತಲೆನೋವು, ಅವು ಮೇಲೆ ನೋಡಿದ್ರೆ ಕಾಣಲ್ಲ. ನನ್ನ ಲಿಸ್ಟಿಗೆ ಸೇರಿದ್ದು: ಬಾಯ್ಲರ್ ರೂಮಲ್ಲಿ ಉಳಿದಿರೋ ಪೈಪು ಮತ್ತೆ ಎಲ್ಬೋ ಲ್ಯಾಗಿಂಗು, ಮೇಲೆ ಗಾಜ್ ಬಟ್ಟೆ ಸುತ್ತಿ ಅಲ್ಯೂಮಿನಿಯಂ ಪೇಂಟ್ ಹೊಡ್ದಿದ್ದು, ಜನ ಕಾಲಿಟ್ಟು ಹತ್ತೋ ಎಲ್ಬೋ ಹತ್ರ ಬಟ್ಟೆ ಹರಿದು ಒಳಗಿನ ಬಿಳೀ ಮುದ್ದೆ ಕಾಣ್ತಿದೆ. ಹೀಟ್ ಟ್ರೀಟ್‌ಮೆಂಟಲ್ಲಿ ಎರಡು ಫರ್ನೇಸಿನ ಬಾಗಿಲ ಸುತ್ತ ರೋಪು, ಅದರಲ್ಲಿ ಒಂದು ಇಂಗ್ಲೆಂಡಿಂದ ಸೆಕೆಂಡ್ ಹ್ಯಾಂಡ್ ತರಿಸಿದ ಓವೆನ್ನು, ಬಾಗಿಲಿನ ಒಳಗಡೆ ಬೂದುಬಣ್ಣದ ಬೋರ್ಡು. ಎಲೆಕ್ಟ್ರಿಕಲ್ ರೂಮಲ್ಲಿ ಹಳೇ ಏರ್ ಸರ್ಕ್ಯೂಟ್ ಬ್ರೇಕರು, ಅದರ ಆರ್ಕ್ ಚ್ಯೂಟು (ಒಳಗೆ ಕಿಡಿ ಆರಿಸೋ ಭಾಗ). ಇಒಟಿ ಕ್ರೇನಿನ (ಮೇಲೆ ಹಳಿ ಮೇಲೆ ಓಡೋ ಕರೆಂಟ್ ಕ್ರೇನು) ಥ್ರಸ್ಟರ್ ಬ್ರೇಕ್ ಶೂ ಲೈನಿಂಗು, ಅದರ ಪ್ಲಾಟ್‌ಫಾರಂ ಮೇಲೆ ಕೂತಿರೋ ಕಪ್ಪು ಧೂಳು. ಮಳೆನೀರಿನ ಡೌನ್ ಪೈಪು, ಟಾಯ್ಲೆಟ್ ವೆಂಟ್ ಪೈಪು, ಇವೂ ಸಿಮೆಂಟು ಆಸ್ಬೆಸ್ಟಾಸೇ ಇರ್ಬೋದು. ಆಫೀಸಲ್ಲಿ ಕಾರ್ಪೆಟ್ ಕೆಳಗೆ ಹಳೇ ವಿನೈಲ್ ಟೈಲು, ಕಪ್ಪು ಬಿಟುಮೆನ್ ಅಂಟು. ಹಳೇ ಸ್ಟೋರಿನ ಮೂಲೇಲಿ ವೆಲ್ಡಿಂಗ್ ಬ್ಲಾಂಕೆಟ್ಟು, ಬಿಳೀ ಗ್ಲೌಸು ಒಂದು ರಾಶಿ. ಆ ಗ್ಲೌಸ್ ಹಾಕ್ಕೊಂಡೇ ಫರ್ನೇಸಿಂದ ಟ್ರೇ ಎಳೀತಿದ್ರಂತೆ, ಬೇಸರ ಆದ್ರೆ ಅದನ್ನೇ ಒಬ್ರ ಮೇಲೊಬ್ರು ಎಸೀತಿದ್ರಂತೆ. ಇದರ ಕಾಯಿಲೆ ಬರೋದು ಇಪ್ಪತ್ತು, ನಲವತ್ತು ವರ್ಷ ಆದ್ಮೇಲೆ, 1995ರಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಖಾನೆಗಳಿಗೆ ಕೆಲಸಗಾರರ ಹೆಲ್ತ್ ರೆಕಾರ್ಡು ಸೇರಿದ ದಿನದಿಂದ ಕನಿಷ್ಠ 40 ವರ್ಷ ಇಡ್ಬೇಕು ಅಂದಿದ್ದು ಅದಕ್ಕೇ. ಆದ್ರೆ ಆಸ್ಬೆಸ್ಟಾಸ್ ಬಳಸಿದ ಸಾಮಾನ್ಯ ಮಷಿನ್ ಶಾಪಿನ ಫಿಟ್ಟರ್ ರೆಕಾರ್ಡು ಯಾರು ಇಟ್ಟಿರ್ತಾರೆ ಹೇಳಿ.

ಈಗ ಆಕ್ಸೆಸ್ಸು. ಸರ್ವೆಯವರು ಹೋಗೋಕೆ ಆಗದೇ ಇರೋ ಜಾಗನ "ನೋ ಆಕ್ಸೆಸ್" ಅಂತ ಬರೀತಾರೆ, ಆ ಜಾಗದಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ಲೆಕ್ಕ ಹಿಡೀಬೇಕು. ಅಂದ್ರೆ ಒಂದು ಕೀ ಸಿಗದೇ ಹೋದ್ರೆ ಆ ರೂಮು ರಿಪೋರ್ಟಲ್ಲಿ ಕೆಂಪಾಗತ್ತೆ. ಹಂಗಾಗಿ ಎಲ್ಲಾ ಕೀ ಹುಡುಕಿ ಟ್ಯಾಗ್ ಹಾಕಿ ಒಂದು ಬೋರ್ಡಿಗೆ ನೇತಾಕಿದ್ದು, ಸಿಗದೇ ಇರೋದಕ್ಕೆ ಬೀಗ ಕಟ್ ಮಾಡಿದ್ದು. ಕಟ್ ಮಾಡೋಕೆ ಗ್ರೈಂಡರ್ ಅಲ್ಲ, ಬೋಲ್ಟ್ ಕಟ್ಟರು.

ಮೇಲ್ಚಾವಣಿ ವಿಷಯಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ. ಈ ಕೆಲಸದಲ್ಲಿ ಆ ದಿನವೇ ಜೀವ ತೆಗೆಯೋದು ನಾರಲ್ಲ, ಶೀಟ್ ಮುರಿದು ಕೆಳಗೆ ಬೀಳೋದು. ಹಳೇ ಶೀಟು ಬಿಸಿಲು ಮಳೆಗೆ ಒಣಗಿ ಬಿಸ್ಕೆಟ್ಟಾಗಿರತ್ತೆ, ಮೇಲೆ ಪಾಚಿ ಕಟ್ಟಿ ಗಟ್ಟಿ ಇರೋ ಹಂಗೆ ಕಾಣತ್ತೆ. ನಮ್ಮ ಶೀಟ್ ಹಾಕೋರೆಲ್ಲಾ ಹೇಳೋ ಮಾತು, ಜೆ ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟು ಹೋದ್ರೆ ಏನಾಗಲ್ಲ, ಕೆಳಗೆ ಪರ್ಲಿನ್ (ಶೀಟ್ ಹೊರೋ ಅಡ್ಡ ತೊಲೆ) ಇದೆ ಅಂತ. ಬ್ಯಾಲೆನ್ಸ್ ತಪ್ಪಿ ಒಂದು ಹೆಜ್ಜೆ ಪಕ್ಕಕ್ಕೆ ಬಿದ್ರೆ ಪರ್ಲಿನ್ ಎಲ್ಲಿರತ್ತೆ. ಅದಕ್ಕೆ ಮೇಲೆ ಯಾರನ್ನೂ ಹತ್ತಿಸೋದೇ ಬೇಡ, ಒಳಗಿಂದಲೇ ಸಿಸರ್ ಲಿಫ್ಟಲ್ಲಿ (ಕತ್ತರಿ ತರ ಬಿಚ್ಕೊಂಡು ಮೇಲೇರೋ ಪ್ಲಾಟ್‌ಫಾರಂ ಗಾಡಿ) ಹೋಗಿ ಶೀಟಿನ ಓವರ್‌ಲ್ಯಾಪ್ ತುದಿಯಿಂದ ಸ್ಯಾಂಪಲ್ ತೆಗೀಲಿ ಅಂತ ತೀರ್ಮಾನ ಆಯ್ತು. ಅಲ್ಲಿಂದ ಬೇರೆ ಕೆಲಸ ಶುರು. ಸಿಸರ್ ಲಿಫ್ಟು ಎರಡು ಟನ್ನಿಗೂ ಮೇಲೆ ತೂಕ, ಮಷಿನ್ ಕಿತ್ತಿದ್ಮೇಲೆ ನೆಲದಲ್ಲಿ ಫೌಂಡೇಷನ್ ಗುಂಡಿ, ಚಿಪ್ ಟ್ರೆಂಚು, ಕೇಬಲ್ ಟ್ರೆಂಚು ಎಲ್ಲಾ ಹಂಗೇ ಇದೆ, ಕೆಲವಕ್ಕೆ ತೆಳ್ಳಗಿನ ಚೆಕರ್ ಪ್ಲೇಟು ಮುಚ್ಚಿದಾರೆ, ಮೇಲೆ ನಡೆದ್ರೇ ಬಗ್ಗತ್ತೆ. ಲಿಫ್ಟ್ ಹೋಗೋ ದಾರಿನ ಸುಣ್ಣದಲ್ಲಿ ಗೆರೆ ಎಳ್ದು (ವಾಪಸ್ ಕಳಿಸಿದ ಸುಣ್ಣದಲ್ಲಿ ಒಂದು ಬುಟ್ಟಿ ಇಟ್ಕೊಂಡಿದ್ದು ಇದಕ್ಕೆ ಬಂತು), ಆ ದಾರೀಲಿ ಬರೋ ಗುಂಡಿಗೆಲ್ಲಾ ಜಲ್ಲಿ ತುಂಬ್ಸಿ, ಟ್ರೆಂಚ್ ಮೇಲೆ 12 ಎಂಎಂ ಪ್ಲೇಟು ಹಾಕ್ಸಿದೆ. ಗೆರೆ ಆಚೆ ಲಿಫ್ಟ್ ಹೋಗಂಗಿಲ್ಲ.

ಕರೆಂಟು. ಬ್ರೇಕರ್ ಬಿಚ್ಚಿ ಆರ್ಕ್ ಚ್ಯೂಟ್ ನೋಡ್ಬೇಕು ಅಂದ್ರೆ ಪ್ಯಾನಲ್ ಡೆಡ್ ಆಗಿರ್ಬೇಕು, ಇನ್‌ಕಮರ್ (ಕರೆಂಟ್ ಒಳಗೆ ಬರೋ ಮೇನ್ ಸ್ವಿಚ್ಚು) ಆಫ್ ಮಾಡಿ ಲಾಕ್ ಹಾಕಿ ಟ್ಯಾಗ್ ಹಾಕಿ, ಟೆಸ್ಟ್ ಮಾಡಿ, ಅರ್ತ್ ಮಾಡಿ, ಆ ಲಾಕಿನ ಕೀ ನಮ್ಮ ಎಲೆಕ್ಟ್ರಿಷಿಯನ್ ಜೇಬಲ್ಲಿ. ಹಂಗಂತ ಪೂರ್ತಿ ಕತ್ತಲೆ ಮಾಡೋಕಾಗಲ್ಲ, ಸರ್ವೆಯವರಿಗೆ ಬೆಳಕು ಬೇಕು, ಜೆನ್‌ಸೆಟ್ಟಿಂದ ಬೇರೆ ಬೋರ್ಡು ಎಳ್ದು ಹ್ಯಾಲೊಜನ್ ಬದಲು ಎಲ್‌ಇಡಿ ಫ್ಲಡ್ ಲೈಟ್ ನಿಲ್ಲಿಸ್ದೆ. ಎಕ್ಸಾಸ್ಟ್ ಫ್ಯಾನು, ಮ್ಯಾನ್ ಕೂಲರು ಎಲ್ಲಾ ಆಫ್. ಚಾವಣಿ ಮೇಲಿನ ಟರ್ಬೊ ವೆಂಟಿಲೇಟರು ಮಾತ್ರ ಗಾಳಿಗೆ ತಾನೇ ತಿರುಗತ್ತೆ, ಅದನ್ನ ನಿಲ್ಲಿಸೋಕೆ ಶೀಟ್ ಮೇಲೆ ಹತ್ತಬೇಕು, ಹಂಗಾಗಿ ಬಿಟ್ಬಿಟ್ವಿ.

ಎಲ್ಲೆಲ್ಲಿ ಒಡೀಬೋದು ಅನ್ನೋದನ್ನ ಮೊದಲೇ ಮಾತಾಡ್ಕೊಂಡು ಪ್ಲಾನ್ ಮೇಲೆ ಗುರ್ತು ಹಾಕಿ ಓನರ್ ಸಹಿ ಹಾಕ್ಸಿದ್ದು ಒಳ್ಳೇದಾಯ್ತು, ಆ ದಿನ ಗೋಡೆಗೆ ತೂತು ಮಾಡುವಾಗ ಯಾರೂ ಓಡಿ ಬಂದು ಅಯ್ಯೋ ಅನ್ನಲಿಲ್ಲ. ಜಾಬ್ ವರ್ಕಿನವರ ಜೊತೆ ಮಾತಾಡಿ ಭಾನುವಾರ ಇಟ್ಕೊಂಡ್ವಿ, ಅವರ ಕೆಲಸದವರಿಗೆ ಶನಿವಾರ ಸಾಯಂಕಾಲ ನಿಲ್ಸಿ ಹೇಳಿದ್ದಾಯ್ತು, ಯಾರ್ ಬರ್ತಾರೆ, ಬಿಳೀ ಕವರಾಲ್ ಯಾಕೆ ಹಾಕ್ತಾರೆ, ನೀವು ಇಷ್ಟು ವರ್ಷ ಇದ್ದಿದ್ದಕ್ಕೆ ಏನಾಗತ್ತೆ ಅಂತ. ಕೊನೇ ಪ್ರಶ್ನೆಗೆ ನನ್ನ ಹತ್ರ ಇದ್ದ ಉತ್ತರ, ಶೀಟಿನ ಕೆಳಗೆ ಸುಮ್ನೆ ಕೆಲಸ ಮಾಡಿದ್ದಕ್ಕಿಂತ ಬಾಯ್ಲರ್ ರೂಮಲ್ಲಿ ಲ್ಯಾಗಿಂಗ್ ಕಿತ್ತೋರು, ರೋಪ್ ಕಟ್ ಮಾಡಿದೋರು, ಅಂಥೋರು ಡಾಕ್ಟ್ರಿಗೆ ಅದನ್ನ ಬಾಯ್ಬಿಟ್ಟು ಹೇಳ್ಬೇಕು, ಸಿಗರೇಟ್ ಸೇದೋರು ಇನ್ನೂ ಹುಷಾರು, ಅದು ಇದೂ ಸೇರಿದ್ರೆ ಶ್ವಾಸಕೋಶದ ಕ್ಯಾನ್ಸರ್ ರಿಸ್ಕು ಬಹಳ ಏರತ್ತೆ.

ಸರ್ವೆಗೆ ಬಂದಿದ್ದು ಮಂಗಳೂರು ಕಡೆಯ ಒಬ್ಬ ಹುಡುಗಿ, ಜೊತೆಗೆ ಒಬ್ಬ ಹೆಲ್ಪರು. ನಮ್ಮ ಕಡೆಯಿಂದ ಒಬ್ರು ಜೊತೇಲಿರ್ಬೇಕಿತ್ತು, ನಮ್ಮ ಸೈಟ್ ಹುಡುಗನ್ನ ಬಿಡೋಣ ಅಂದ್ಕೊಂಡ್ರೆ ಅವನು ಅಯ್ಯಪ್ಪ ಮಾಲೆ ಹಾಕಿದ್ದ, ಗಡ್ಡ. ಗಡ್ಡ ಇದ್ರೆ ಮಾಸ್ಕ್ ಮುಖಕ್ಕೆ ಕೂರಲ್ಲ, ಸಂದೀಲಿ ಗಾಳಿ ನುಗ್ಗತ್ತೆ, ಸಣ್ಣ ಧೂಳು ಹಿಡಿಯೋ ಪಿ3 ಫಿಲ್ಟರ್ ಹಾಕಿದ್ರೂ ವೇಸ್ಟು. ಅವನನ್ನ ಕೀ ಬೋರ್ಡು, ಗೇಟು ನೋಡ್ಕೋ ಅಂತ ಹೊರಗೆ ಬಿಟ್ಟು ನಾನೇ ಬೆಳಗ್ಗೆ ನೀಟಾಗಿ ಶೇವ್ ಮಾಡ್ಕೊಂಡು ಹೋದೆ. ಕೊರೋನಾ ಟೈಮಿನ ಬಟ್ಟೆ ಮಾಸ್ಕು, ಸರ್ಜಿಕಲ್ ಮಾಸ್ಕು ಇದಕ್ಕೆ ಏನೂ ಪ್ರಯೋಜನ ಇಲ್ಲ.

ಸ್ಯಾಂಪಲ್ ತೆಗೆಯೋದನ್ನ ಹತ್ರದಿಂದ ನೋಡಿದ್ದು ಬಾಯ್ಲರ್ ರೂಮಿನ ಆ ಎಲ್ಬೋ ಹತ್ರ. ಕೆಳಗೆ ಪ್ಲಾಸ್ಟಿಕ್ ಹಾಸಿದ್ರು, ಸ್ಪ್ರೇ ಬಾಟಲಲ್ಲಿ ನೀರಿಗೆ ಒಂದೆರಡು ತೊಟ್ಟು ಡಿಟರ್ಜೆಂಟು, ಬರೀ ನೀರಾದ್ರೆ ಮೇಲೇ ಜಾರಿ ಹೋಗತ್ತೆ, ಸೋಪಿದ್ರೆ ಒಳಗೆ ಇಳಿಯತ್ತೆ. ನೆನೆಯೋ ತನಕ ಕಾಯ್ದು, ಸಣ್ಣ ಕೊಳವೆ ತರದ ಬೋರರನ್ನ ತಿರುಗಿಸ್ತಾ ತಿರುಗಿಸ್ತಾ ಪೈಪಿನ ಕಬ್ಬಿಣ ತಾಗೋವರೆಗೂ ಇಳ್ಸಿದ್ರು, ಹೊರಗೆ ತೆಗೆದಾಗ ಬೆರಳಷ್ಟು ಉದ್ದದ ಬಿಳೀ ಕಡ್ಡಿ, ಮಧ್ಯೆ ಒಂದು ಬೂದು ಪಟ್ಟೆ. ಯಾವತ್ತೋ ರಿಪೇರಿ ಮಾಡಿ ಬೇರೆ ಮಾಲು ಮೆತ್ತಿದಾರೆ, ಅದಕ್ಕೇ ಆಳದ ತನಕ ತೆಗೀಬೇಕು ಅಂದ್ರು. ಜಿಪ್ ಕವರಿಗೆ ಹಾಕಿ, ಅದನ್ನ ಇನ್ನೊಂದು ಕವರಿಗೆ ಹಾಕಿ, ನಂಬರ್ ಬರ್ದು, ತೂತಿಗೆ ಫಿಲ್ಲರ್ ತುಂಬಿ ಟೇಪ್ ಸುತ್ತಿ, ಬೋರರನ್ನ ಒದ್ದೆ ವೈಪಲ್ಲಿ ಒರೆಸಿ, ಆ ವೈಪೂ ಇನ್ನೊಂದು ಕವರಿಗೆ. ಶೀಟಿಂದ ತೆಗೆಯೋದು ಸಲೀಸು, ಓವರ್‌ಲ್ಯಾಪ್ ತುದಿ ನೆನೆಸಿ ಪ್ಲೈಯರಲ್ಲಿ ಎರಡು ಬೆರಳಗಲ ಚೂರು. ಇಂಗ್ಲೆಂಡ್ ಓವೆನ್ನಿನ ಬಾಗಿಲು ಬಿಚ್ಚುವಾಗ ಮಾತ್ರ ಅವರು ನನ್ನನ್ನ ರೂಮಿಂದ ಆಚೆ ನಿಲ್ಲಿಸಿದ್ರು. ಕ್ಯಾಂಟೀನ್ ಪ್ಲೈವುಡ್ ಹಿಂದೆ ಕೈಹಾಕೋಕೆ ಮುಂಚೆ ಅಪಾಯದ ಧೂಳಿಗೆ ಅಂತಲೇ ಮಾಡಿರೋ ಎಚ್ ಕ್ಲಾಸ್ ವ್ಯಾಕ್ಯೂಮು ಪಕ್ಕದಲ್ಲೇ ಆನ್ ಮಾಡಿ ಇಟ್ಕೊಂಡಿದ್ರು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬರಲ್ಲ, ಈ ಕಡೆ ಎಳ್ದು ಆ ಕಡೆ ಊದತ್ತೆ.

ಲ್ಯಾಬಲ್ಲಿ ಪೋಲರೈಸ್ಡ್ ಲೈಟ್ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಬಿಳೀದು ಕ್ರೈಸೊಟೈಲ್, ಅಲೆಅಲೆಯಾಗಿರತ್ತೆ, ಕಂದು ಅಮೊಸೈಟ್ ಮತ್ತೆ ನೀಲಿ ಕ್ರೊಸಿಡೊಲೈಟ್ ಕಡ್ಡಿ ತರ ನೆಟ್ಟಗೆ. ಹೆಸರಲ್ಲಿ ಬಣ್ಣ ಇದೆ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಹೋಗ್ಬೇಡಿ, ಪೇಂಟು, ಸಿಮೆಂಟು, ಕಾವು ಎಲ್ಲಾ ಬಣ್ಣ ಬದಲಾಯಿಸತ್ತೆ.

ರಿಪೋರ್ಟಲ್ಲಿ ಪ್ರತಿ ಐಟಮ್ಮಿಗೂ ಸ್ಕೋರು, ನಾಲ್ಕು ವಿಷಯಕ್ಕೆ ತಲಾ ಮೂರರ ತನಕ: ಯಾವ ತರದ ಮಾಲು, ಎಷ್ಟು ಹಾಳಾಗಿದೆ, ಮೇಲೆ ಏನಾದ್ರೂ ಮುಚ್ಚಿದ್ಯಾ, ಯಾವ ಆಸ್ಬೆಸ್ಟಾಸು. ಒಟ್ಟು 12. ಓನರ್ ನಿದ್ದೆ ಕೆಡ್ಸಿದ್ದ ಮೇಲ್ಚಾವಣಿ ಶೀಟು ಎಲ್ಲಾದಕ್ಕೂ ಒಂದೊಂದು ತಗೊಂಡು 4, ಅಂದ್ರೆ ಅತಿ ಕಡಿಮೆ ಪಟ್ಟಿ. ಬಾಯ್ಲರ್ ರೂಮಿನ ಲ್ಯಾಗಿಂಗು ಕ್ರೈಸೊಟೈಲೇ, ಆದ್ರೂ 9: ಮಾಲಿಗೆ ಮೂರು, ಹಾಳಾಗಿದ್ದಕ್ಕೆ ಎರಡು, ಬಟ್ಟೆ ಹರಿದು ಬಾಯ್ಬಿಟ್ಟಿದ್ದಕ್ಕೆ ಮೂರು, ಜಾತಿಗೆ ಒಂದು. ಇನ್ನೊಂದು ಬಂದಿದ್ರೆ ಹೈ ರಿಸ್ಕ್ ಪಟ್ಟಿಗೆ ಹೋಗ್ತಿತ್ತು. ಓವೆನ್ನಿನ ಬಾಗಿಲ ಬೋರ್ಡು ಅಮೊಸೈಟ್, 8. ಕ್ಯಾಂಟೀನ್ ಗೋಡೆ ಹಿಂದಿನ ಪೈಪು ಬಾಯ್ಲರ್ ರೂಮಿನ ಜೊತೆಗೇ ನಿಂತಿದೆ. ಆಫೀಸಿನ ವಿನೈಲ್ ಟೈಲಲ್ಲಿ ಇದೆ, ಫಾಲ್ಸ್ ಸೀಲಿಂಗ್ ಬರೀ ಜಿಪ್ಸಂ, ಅದರಲ್ಲಿ ಇಲ್ಲ. ಗ್ಲೌಸು, ಬ್ಲಾಂಕೆಟ್ಟಲ್ಲಿ ಇದೆ. ಆರ್ಕ್ ಚ್ಯೂಟು, ಬ್ರೇಕ್ ಲೈನಿಂಗು, ಫ್ಲ್ಯಾಂಜ್ ಗ್ಯಾಸ್ಕೆಟ್ಟು ಸ್ಯಾಂಪಲ್ ತೆಗೀದೆ ಇದೆ ಅಂತಲೇ ಬರ್ಕೊಂಡಿದಾರೆ, ಬಿಚ್ಚಿ ಹಾಳು ಮಾಡೋದಕ್ಕಿಂತ ಅದೇ ವಾಸಿ.

ಜರ್ಮನ್ನರು ಮೇಲೆ ಸೋಲಾರ್ ಹಾಕ್ಬೇಕು ಅಂತಾರೆ, ಹಂಗಾಗಿ ಸ್ಕೋರ್ 4 ಇದ್ರೂ ಶೀಟು ಇಳಿಯಲೇಬೇಕು. ವಿಷಯ ಹೆಂಗೋ ಹಬ್ಬಿ ಗುಜರಿಯವನೊಬ್ಬ ಬಂದು ಶೀಟಿಗೆ ರೇಟ್ ಕೇಳ್ದ, ತುಮಕೂರು ಕಡೆ ಕೊಟ್ಟಿಗೆಗೆ ಹೋಗತ್ತಂತೆ, ಒಳ್ಳೇ ದುಡ್ಡೇ ಹೇಳ್ದ. 2016ರ ಹಜಾರ್ಡಸ್ ವೇಸ್ಟ್ ರೂಲ್ಸಿನ ಮೊದಲನೇ ಶೆಡ್ಯೂಲಲ್ಲಿ ಬಿಸಾಡಿದ ಆಸ್ಬೆಸ್ಟಾಸ್ ಅಂತ ಹೆಸರು ಹಿಡ್ದೇ ಬರ್ದಿದಾರೆ, ದಾಬಸ್‌ಪೇಟೆಯಲ್ಲಿ ಹಜಾರ್ಡಸ್ ವೇಸ್ಟ್ ಹೂಳೋ ಜಾಗ ಇದೆ, ಮಾಲು ಹೋಗೋದಾದ್ರೆ ಸುತ್ತಿ ಪ್ಯಾಕ್ ಆಗಿ, ಪೇಪರ್ ಸಮೇತ ಅಲ್ಲಿಗೆ ಅಂತ ಓನರಿಗೆ ಹೇಳಿ ಒಪ್ಪಿಸ್ದೆ. ಅವರ ಮುಖ ಸಪ್ಪಗಾಯ್ತು, ಬರೋ ದುಡ್ಡು ಬಿಟ್ಟು ಕೊಡೋ ದುಡ್ಡಾಯ್ತಲ್ಲ.

ಬಾಯ್ಲರ್ ರೂಮು, ಕ್ಯಾಂಟೀನ್ ಸ್ಟೋರಿನ ಬೀಗ ತೆಗ್ದಿಲ್ಲ, ಬಾಗಿಲ ಕೆಳಗಿನ ಸಂದಿಗೂ ಟೇಪು. ಮೊದಲು ಲ್ಯಾಗಿಂಗು ಮತ್ತೆ ಓವೆನ್ನು, ಪ್ಲಾಸ್ಟಿಕ್ ಗೂಡು ಕಟ್ಟಿ ಒಳಗಿನ ಗಾಳಿ ಫಿಲ್ಟರ್ ಮೂಲಕ ಎಳ್ಕೊಂಡು ತೆಗೆಯೋದು, ಗಾಳಿ ಟೆಸ್ಟು ಪಾಸ್ ಆದ್ಮೇಲೆ ಶೀಟು, ಅದೂ ಬೋಲ್ಟ್ ಬಿಚ್ಚಿ ಒಂದೊಂದೇ ಇಡೀ ಶೀಟು ಇಳಿಸೋದು. ಕೊಟೇಷನ್ ಮೂರು ಬಂದಿದೆ. ಒಬ್ಬ ಜೆಸಿಬೀಲಿ ಎರಡು ದಿನದಲ್ಲಿ ಕೆಡವ್ತೀನಿ ಅಂದ, ಅವನದ್ದು ಅಲ್ಲೇ ಮಡಚಿಟ್ಟೆ. ಇನ್ನೊಬ್ಬ ಶೀಟಿಗೆ ಚದರಡಿ ರೇಟ್ ಬರ್ದು ಲ್ಯಾಗಿಂಗ್ ಬಗ್ಗೆ ಒಂದು ಅಕ್ಷರ ಇಲ್ಲ. ಮೂರನೆಯವನು ರೇಟ್ ಹೇಳೋಕೆ ಮುಂಚೆ ಸರ್ವೆ ಪ್ಲಾನ್ ಕೇಳ್ದ, ಕೆಲಸದವರು ಸ್ನಾನ ಮಾಡೋಕೆ ನೀರಿನ ಪಾಯಿಂಟ್ ಎಲ್ಲಿ, ಆ ನೀರು ಯಾವ ಚರಂಡಿಗೆ ಹೋಗತ್ತೆ ಅಂತ ಕೇಳ್ದ. ಅವನಿಗೆ ಪ್ಲಾನು, ಲೆಡ್ಜರ್ ಫೋಟೋ ಎರಡೂ ಕಳಿಸಿದೀನಿ, ಚರಂಡಿ ಎಲ್ಲಿಗೆ ಹೋಗತ್ತೆ ಅಂತ ನೋಡೋಕೆ ನಾಳೆ ಮತ್ತೆ ಆ ಫಿಟ್ಟರನ್ನ ಕರ್ಸಿದೀನಿ.